ಟೂರ್‌ಗೆ ಹನ್ನೊಂದು ಜನ ಸಾಲದು

ಕ್ರಿಕೆಟ್ ಟೂರ್ ಎಂದ ಕೂಡಲೇ ಕ್ಯಾಪ್ಟನ್ ಕ್ಲಬ್ಬಿನ ಬಲಿಷ್ಠ ಹನ್ನೊಂದರ ಪಟ್ಟಿ ಬರೆಯಲು ಕೂರುತ್ತಾನೆ. ಆ ಪಟ್ಟಿ ಹರಿದು ಹಾಕಿ. ಐದು ದಿನದಲ್ಲಿ ನಾಲ್ಕು ಮ್ಯಾಚ್ ಆಡಲು ಹದಿನಾಲ್ಕು ಜನ ಬೇಕು. ಅವರಲ್ಲಿ ಏಳು ಮಂದಿಗೆ ಬೌಲಿಂಗ್ ಬರಬೇಕು, ಇಬ್ಬರಿಗೆ ಕೀಪಿಂಗ್. ವಾರಕ್ಕೊಂದು ಮ್ಯಾಚಿಗೆ ಒಗ್ಗಿದ ಮೈಗಳಿವು. ಎರಡನೇ ದಿನ ತೊಡೆಯ ಹಿಂಭಾಗ ಬಿಗಿಯುತ್ತೆ, ಮೂರನೇ ದಿನ ಸೊಂಟ ಹಿಡಿಯುತ್ತೆ. ವೇಗಿಗೆ ದಿನಕ್ಕೆ ಆರು ಓವರ್ ಸಾಕು. ಎರಡು ದಿನ ಸತತ ಆಡಿದವನನ್ನು ಮೂರನೇ ದಿನ ಕೂರಿಸಿ, ಸ್ಕೋರ್ ಬುಕ್ಕೋ ಅಂಪೈರ್ ಕೋಟೋ ಕೊಡಿ. ಹದಿನೆಂಟು ಜನ ಹೊರಟರೆ ದುಡ್ಡು ಕಟ್ಟಿಯೂ ಆಡಲು ಸಿಗದವರ ಮುನಿಸು ಶುರು, ಅದು ಬೇರೆ ರಾಮಾಯಣ.

'ಸಬ್‌ಸ್ಟಿಟ್ಯೂಟ್ ಇದ್ದಾನಲ್ಲ' ಎಂಬ ಧೈರ್ಯ ಬೇಡ. ನಿಯಮದ ಪ್ರಕಾರ ಅವನು ಫೀಲ್ಡಿಂಗ್ ಮಾತ್ರ ಮಾಡಬಹುದು. ಬ್ಯಾಟಿಂಗೂ ಇಲ್ಲ, ಬೌಲಿಂಗೂ ಇಲ್ಲ. ಹನ್ನೊಂದರ ಪಟ್ಟಿಯನ್ನು ಟಾಸ್‌ಗೆ ಮುಂಚೆ ಬರೆದು ಕೊಡಬೇಕು, ಆಮೇಲೆ ಬದಲಿಸಲು ಎದುರು ಕ್ಯಾಪ್ಟನ್ ಒಪ್ಪಬೇಕು. ಹಾಗಾಗಿ ಮೈದಾನಕ್ಕೆ ಬಂದು ನಿಂತವರ ಹೆಸರು ಬರೆಯಿರಿ, ರೂಮಿನಲ್ಲಿ ಮಲಗಿರುವವನದ್ದಲ್ಲ.

ಟೂರ್ ಹಾಳಾಗುವ ದೊಡ್ಡ ಕಾರಣ ಸಮಬಲದ ಎದುರಾಳಿ ಸಿಗದಿರುವುದು. ಹೊರಗಿನ ತಂಡ ಬರುತ್ತಿದೆ ಎಂದರೆ ಆತಿಥೇಯರು ತಮ್ಮ ಲೀಗ್ ತಂಡವನ್ನೇ ಇಳಿಸುತ್ತಾರೆ, ನಿಮ್ಮ ಅರ್ಧ ತಂಡಕ್ಕೆ ನಲವತ್ತು ದಾಟಿರುತ್ತೆ. ಮೂರು ತಿಂಗಳ ಮೊದಲೇ ಬರೆದು ತಿಳಿಸಿ: ಯಾವ ಡಿವಿಷನ್, ಸರಾಸರಿ ವಯಸ್ಸೆಷ್ಟು, ನಿಜವಾದ ವೇಗಿಗಳೆಷ್ಟು. ಬಡಾಯಿ ಕೊಚ್ಚಿದವರು ಅರವತ್ತಕ್ಕೆ ಆಲೌಟ್ ಆಗಿ ಮೂರು ಗಂಟೆಗೇ ಕಿಟ್ ಕಟ್ಟುತ್ತಾರೆ. ಐವತ್ತು ಹೊಡೆದವನು ರಿಟೈರ್ ಆಗಬೇಕೆಂಬ ಒಪ್ಪಂದವಿದ್ದರೆ, ಅವನು ಮತ್ತೆ ಆಡಬಹುದೇ ಎಂಬುದನ್ನೂ ಟಾಸ್‌ಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಗಾಯ, ಕಾಯಿಲೆ ಇಲ್ಲದೆ ರಿಟೈರ್ ಆದವನು ಮರಳಿ ಬರಲು ಎದುರಾಳಿ ಕ್ಯಾಪ್ಟನ್ನಿನ ಒಪ್ಪಿಗೆ ಬೇಕು, ಇಲ್ಲದಿದ್ದರೆ ಔಟ್.

ಸೋಲಿನ ಭಯಕ್ಕೆ ಬಲಿಷ್ಠರನ್ನೇ ಒಯ್ಯಬೇಕೆನ್ನುವವರು 1886ರ ಪಾರ್ಸಿ ತಂಡವನ್ನು ನೆನೆಯಲಿ. ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿ 28 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು, ಸೋತದ್ದು 19. ಎರಡೇ ವರ್ಷಕ್ಕೆ ಪಾರ್ಸಿಗಳು ಮತ್ತೆ ಹೊರಟರು. ಈ ಸಲ ಎಂಟು ಗೆಲುವು, ಬೌಲರ್ ಪಾವ್ರಿ ಒಬ್ಬರಿಗೇ 170 ವಿಕೆಟ್.

ಪಿಚ್ ಟರ್ಫೋ (ಹುಲ್ಲು ಬೆಳೆಸಿದ ನೆಲ) ಮ್ಯಾಟಿಂಗೋ (ಚಾಪೆ ಹಾಸಿದ್ದು) ಕೇಳಿಕೊಳ್ಳಿ. ಮ್ಯಾಟಿನ ಮೇಲೆ ಲೋಹದ ಸ್ಪೈಕ್ ನಡೆಯದು, ರಬ್ಬರ್ ಅಡಿಯ ಶೂ ಬೇಕು. ಎಲ್ಲರೂ ಕಿಟ್ ಬ್ಯಾಗ್ ಹೊರುವುದು ದಂಡ. ನಾಲ್ಕು ಜೊತೆ ಪ್ಯಾಡು, ಎರಡು ಜೊತೆ ಕೀಪಿಂಗ್ ಗ್ಲೌಸು, ಮ್ಯಾಚಿಗೆರಡು ಚೆಂಡು ಸಾಮಾನ್ಯ ಖಾತೆಗೆ ಬರಲಿ. ಹೆಲ್ಮೆಟ್ ಮತ್ತು ಗಾರ್ಡ್ ಮಾತ್ರ ಅವರವರದ್ದೇ.

ಹಣದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಅರ್ಧ ಮುಂಗಡ, ವಾಪಸಿಲ್ಲ. ಕೊನೆಯ ವಾರ ಇಬ್ಬರು ಕೈಕೊಟ್ಟರೆ ಬಸ್ಸು, ರೂಮಿನ ಬಾಡಿಗೆ ಉಳಿದ ಹನ್ನೆರಡು ಜನರ ತಲೆಗೆ ಬೀಳುತ್ತೆ. ಕ್ಯಾಚ್ ಬಿಟ್ಟಿದ್ದಕ್ಕೆ, ತಡವಾಗಿ ಬಂದಿದ್ದಕ್ಕೆ ಹಾಕುವ ದಂಡ ಟೂರಿನ ಅರ್ಧ ಮಜಾ, ಒಪ್ಪೋಣ. ಆದರೆ ತಲೆಗಿಷ್ಟೇ ಎಂದು ಮಿತಿ ಇರಲಿ, ಇಲ್ಲದಿದ್ದರೆ ಇನ್ನೂ ಓದುತ್ತಿರುವ ಹುಡುಗರು ಮುಂದಿನ ವರ್ಷ ಹೆಸರೇ ಕೊಡುವುದಿಲ್ಲ.

ಆತಿಥೇಯರನ್ನು ನಿಮ್ಮ ಮೈದಾನಕ್ಕೆ ಕರೆಯುವಾಗ 'ಯಾವಾಗಲಾದರೂ ಬನ್ನಿ' ಎನ್ನಬೇಡಿ. ಎರಡು ತಾರೀಖು ಹೇಳಿ, ಆರಿಸಿಕೊಳ್ಳಲು ಅವರಿಗೆ ಬಿಡಿ.