ಟಿಪ್ಪುವಿನ ಆನೆ, 1911ರ ರೂಪಾಯಿ ಮತ್ತು ಹುಣಸೆಹಣ್ಣು

ನಾಣ್ಯ ನೂರು ವರ್ಷ ಹಳೇದು ಅಂದರೆ ಲಕ್ಷ ರೂಪಾಯಿ ಬೆಲೆ ಬರುತ್ತದೆ ಅನ್ನೋ ನಂಬಿಕೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ಅದು ತಪ್ಪು. 1918ರ ಐದನೇ ಜಾರ್ಜ್ ರೂಪಾಯಿ ತಗೊಳ್ಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬೆಳ್ಳಿ ಸಾಲದೆ, ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಬ್ರಿಟಿಷರಿಗೆ ಮಾರಿತು. ಆಗ ರೂಪಾಯಿ ಕೋಟಿಗಟ್ಟಲೆ ಅಚ್ಚಾದವು. ಅದಕ್ಕೇ ಸವೆದ 1918ರ ರೂಪಾಯಿಗೆ ಇವತ್ತು ಹೆಚ್ಚುಕಡಿಮೆ ಬೆಳ್ಳಿ ಬೆಲೆಯಷ್ಟೇ. ಅದಕ್ಕಿಂತ 21 ವರ್ಷ ಚಿಕ್ಕದಾದ, ಆರನೇ ಜಾರ್ಜ್ ಮುಖವಿರುವ 1939ರ ರೂಪಾಯಿ ಮಾತ್ರ ಹುಡುಕಿದರೂ ಸಿಗಲ್ಲ. ಸವೆದಿದ್ದರೂ ಪರವಾಗಿಲ್ಲ, ಅಸಲಿ ಆದರೆ ಸಾಕು ಅಂತ ಕಾಯುವವರಿದ್ದಾರೆ. ನಕಲಿಯೂ ಅಷ್ಟೇ ಜಾಸ್ತಿ, ಹುಷಾರು.

ಹಾಗಂತ ಎಷ್ಟು ಉಳಿದಿವೆ ಅನ್ನೋ ಲೆಕ್ಕವೊಂದೇ ಸಾಲದು. 1911ರ ರೂಪಾಯಿಯಲ್ಲಿ ರಾಜನ ಎದೆ ಮೇಲಿನ ಪದಕದ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲು ಎಷ್ಟು ಮೊಟಕಾಗಿತ್ತೆಂದರೆ ಜನರಿಗೆ ಹಂದಿ ಕಂಡಿತು. ಗಲಾಟೆ ಆಯಿತು. ಸುಮಾರು 94 ಲಕ್ಷ ಅಚ್ಚಾಗಿದ್ದವು, ಹೊರಗೆ ಹೋಗಿದ್ದು ಸುಮಾರು 7 ಲಕ್ಷ, ಉಳಿದದ್ದನ್ನು ಕರಗಿಸಿದರು. 1912ರಲ್ಲಿ ಸೊಂಡಿಲು ಸರಿಮಾಡಿದರು. 7 ಲಕ್ಷ ಕಡಿಮೆಯೇನಲ್ಲ, ಹುಡುಕಿದರೆ ಸಿಗುತ್ತದೆ. ಆದರೆ ಈ ಕಥೆ ಕೇಳಿದವರಿಗೆಲ್ಲ ಅದು ಬೇಕು! ಹುಡುಕಿದರೆ ಸಿಗುವ ನಾಣ್ಯ ಅಂದಮೇಲೆ ಸ್ಥಿತಿ ನೋಡಿ ಆರಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಆ ಪುಟ್ಟ ಪ್ರಾಣಿಯೇ ಸವೆದುಹೋಗಿದ್ದರೆ ಅದನ್ನು ತಗೊಂಡು ಏನು ಮಾಡೋದು, ಅಲ್ವಾ?

ದಯವಿಟ್ಟು ಮನೆಯಲ್ಲಿರುವ ಹಳೆ ನಾಣ್ಯವನ್ನು ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಪುಡಿ ಹಾಕಿ ಉಜ್ಜಬೇಡಿ. ಬೆಳ್ಳಿ ಮೇಲೆ ವರ್ಷಗಟ್ಟಲೆ ಕೂತ ಆ ಕಪ್ಪನ್ನೇ ಸಂಗ್ರಹಕಾರರು ಇಷ್ಟಪಡುತ್ತಾರೆ. ಉಜ್ಜಿದರೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ, ಲೆನ್ಸ್ ಹಿಡಿದ ತಕ್ಷಣ ಕಾಣುತ್ತವೆ. ದರ್ಜೆ ಕೊಡುವ ಕಂಪನಿಗಳು ಅಂಥದಕ್ಕೆ 'ತೊಳೆದದ್ದು' ಅಂತ ಬರೆದು, ದರ್ಜೆಯ ಅಂಕವನ್ನೇ ಕೊಡುವುದಿಲ್ಲ. ತೊಳೆದ ನಾಣ್ಯ ಮತ್ತೆ ಮೊದಲಿನಂತೆ ಆಗಲ್ಲ. ವ್ಯಾಪಾರಿಗಳೇ ಪಾಲಿಶ್ ಮಾಡಿ ಫಳಫಳ ಹೊಳೆಸಿ ಇಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆಯ ತಾಮ್ರದ ನಾಣ್ಯಗಳ ವಿಷಯವೇ ಬೇರೆ. ಟಿಪ್ಪುವಿನ ಆನೆ ಪೈಸೆಗಳನ್ನು ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚು ಮಾಡುತ್ತಿದ್ದರು. ಬಿಲ್ಲೆ ಚಿಕ್ಕದು, ಅಚ್ಚು ದೊಡ್ಡದು. ಒಂದರಲ್ಲಿ ಆನೆಯ ಬಾಲ ಹೊರಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಸೊಂಡಿಲಿಲ್ಲ, ಮತ್ತೊಂದರಲ್ಲಿ ಆನೆ ಪೂರ್ತಿ ಇದ್ದರೂ ಹಿಂಬದಿಯ ಟಂಕಸಾಲೆಯ ಹೆಸರು ಅರ್ಧ. ಇಲ್ಲಿ ಎಷ್ಟು ಸವೆದಿದೆ ಅನ್ನೋದಕ್ಕಿಂತ ಏಟು ಎಷ್ಟು ನೇರವಾಗಿ ಬಿದ್ದಿದೆ ಅನ್ನೋದು ಮುಖ್ಯ. ಬ್ರಿಟಿಷ್ ರೂಪಾಯಿಯ ಅಳತೆಗೋಲು ಹಿಡಿದು ಇವನ್ನು 'ಕಳಪೆ' ಅಂತ ಪಕ್ಕಕ್ಕಿಡುವವರನ್ನು ಕಂಡರೆ ಬೇಜಾರಾಗುತ್ತದೆ.

ಶ್ರೀರಂಗಪಟ್ಟಣದ್ದು, ಅಂದರೆ ಹಿಂಬದಿಯಲ್ಲಿ 'ಪಟನ್' ಅಂತಿರುವುದು, ಸುಲಭವಾಗಿ ಸಿಗುತ್ತದೆ. ಅದನ್ನು ಕೊಳ್ಳುವಾಗ ಆನೆ ಪೂರ್ತಿ ಇರಲಿ, ವರ್ಷವೂ ಕಾಣಲಿ ಅಂತ ಹಟ ಹಿಡಿಯಿರಿ. ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಇದು ನೆನಪಿರಲಿ. ಆದರೆ ಖುರ್ಷಿದ್ ಸವಾದ್ (ಧಾರವಾಡಕ್ಕೆ ಟಿಪ್ಪು ಇಟ್ಟ ಹೆಸರು) ಅಂತ ಓದಲು ಬರುವ, ಅಪರೂಪದ ಧಾರವಾಡದ ಪೈಸೆ ಎದುರಿಗೆ ಬಂದರೆ ಆನೆಯ ಬಾಲ, ಕಾಲು ಲೆಕ್ಕ ಹಾಕುತ್ತಾ ಕೂರಬೇಡಿ. ಮೊದಲು ಕೈಗೆತ್ತಿಕೊಳ್ಳಿ, ಚೌಕಾಸಿ ಆಮೇಲೆ.