ಉಣುಗಿಗೆ ಸೀಮೆಎಣ್ಣೆ ಮದ್ದಲ್ಲ

ನಾಯಿಗೆ ಸೀಮೆಎಣ್ಣೆ ಸವರಿದರೆ ಉಣುಗು ತಾನಾಗಿ ಉದುರುತ್ತದೆ ಎಂಬ ಸಂದೇಶ ತೀರ್ಥಹಳ್ಳಿ, ಸಾಗರದ ಕಡೆ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಮೈ ನೆಕ್ಕಿಕೊಂಡ ನಾಯಿಯ ಹೊಟ್ಟೆಗೂ ಸೇರುತ್ತದೆ.

ತೋಟ ಸುತ್ತಿ ಬಂದ ನಾಯಿಯ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ ಬೆರಳಾಡಿಸಿ ನೋಡಿ. ಹರಳು ಬೀಜದಂತೆ ಊದಿದ ಉಣುಗು ಸಿಕ್ಕರೆ ಹಿಸುಕಬೇಡಿ. ಕೈಗವಸು ತೊಟ್ಟು, ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ.

ಔಷಧಿಯನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಈಗಾಗಲೇ ಸೀಮೆಎಣ್ಣೆ ಹಚ್ಚಿದ್ದರೆ ಸೋಪು ನೀರಿನಲ್ಲಿ ತೊಳೆದು, ವಾಂತಿ ಮಾಡಿಸದೆ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ.