ಕೋಗಿಲೆಗೊಂದು ನೋಟಿಸು

ಯುಗಾದಿ ಹತ್ತಿರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಾಂಸ್ಕೃತಿಕ ಸಮಿತಿಗಳಿಗೆ ವಸಂತ ನೆನಪಾಗುತ್ತದೆ. ಬ್ಯಾನರು, ಬೇವು-ಬೆಲ್ಲ, ಹೋಳಿಗೆ ಕೂಪನ್ನು ಎಲ್ಲ ಬೇಗ ತೀರ್ಮಾನವಾಗುತ್ತವೆ. ಕಗ್ಗಂಟಾಗುವುದು ಒಂದೇ: ಋತುವಿಗೆ ಒಪ್ಪುವ ಸಂಗೀತ ಯಾವುದು?

ಈ ಸಲದ ನಮ್ಮ ಸಭೆಗೆ ಸಂಗೀತ ಬಲ್ಲ ಹಿರಿಯರೊಬ್ಬರು ಬಂದುಬಿಟ್ಟರು. ತಲೆನೋವು ಅಲ್ಲಿಂದಲೇ. ಕರ್ನಾಟಕ ಸಂಗೀತದ ವಸಂತ ರಾಗ ಬೇರೆ, ಹಿಂದೂಸ್ತಾನಿ ಬಸಂತ್ ಬೇರೆ, ಹೆಸರಿಗಷ್ಟೇ ನೆಂಟರು ಎಂದರು. ಬಸಂತ್ ರಾತ್ರಿಯ ಕೊನೆಯ ಜಾವದ ರಾಗ, ಆದರೆ ಈ ಋತುವಿನಲ್ಲಿ ಯಾವ ಹೊತ್ತಿಗೆ ಹಾಡಿದರೂ ಸಲ್ಲುತ್ತದೆ ಎಂದರು.

"ಸಾರ್, ಇದಕ್ಕೆ ಡ್ಯಾನ್ಸ್ ಮಾಡಕ್ಕಾಗತ್ತಾ?" ಕಾರ್ಯದರ್ಶಿಗಳ ಪ್ರಶ್ನೆ.

ಹಿರಿಯರು ಬಿಡಲಿಲ್ಲ, ವಸಂತದ ಇನ್ನೊಂದು ರಾಗದ ಹೆಸರೆತ್ತಿ ಬಹಾರ್ ಅಂದರು. ಖಜಾಂಚಿ ಅದು ಹೋಟೆಲಿನ ಹೆಸರಿರಬೇಕೆಂದುಕೊಂಡು ಊಟದ ಖರ್ಚಿಗೆ ಬರೆದುಕೊಂಡರು.

ಬಿ ಬ್ಲಾಕಿನ ಮೇಡಂ ಜರ್ಮನಿಯಲ್ಲಿ ಇದ್ದು ಬಂದವರು. ಅವರದು ಇಟಲಿಯ ಸಂಗೀತಕಾರ ವಿವಾಲ್ಡಿ. 1725ರಲ್ಲಿ ಅಚ್ಚಾದ ಅವನ 'ವಸಂತ' ಕೃತಿಯ ಪಿಟೀಲು ಫೋನಿನಿಂದ ಹೊಮ್ಮಿದ್ದೇ ತಡ, ಅರ್ಧ ಸಭೆ "ನಮ್ಮ ಕರೆ ಯಾವಾಗ ತಗೋತಾರೆ?" ಎಂಬ ಮುಖ ಮಾಡಿತು. ಕಸ್ಟಮರ್ ಕೇರಿನವರು ಕಾಯಿಸುತ್ತ ಕೇಳಿಸಿದ್ದೆಲ್ಲ ನೆನಪಾಗಿರಬೇಕು. ಪಾಪ, ಅಲ್ಲಿನವರಿಗೆ ಚಳಿಗಾಲ ಮುಗಿದ ಸಂಭ್ರಮ ಅದು. ನಮ್ಮ ಚೈತ್ರದಲ್ಲಿ ಮುಗಿಯುವುದು ಬೋರ್‌ವೆಲ್ಲಿನ ನೀರು. ಋತುವಿಗೆ ನಿಜಕ್ಕೂ ಒಪ್ಪುವ ನಾದವೆಂದರೆ ಟ್ಯಾಂಕರ್ ರಿವರ್ಸ್ ತೆಗೆಯುವ ಸದ್ದೇ.

ಕೊನೆಗೆ ವಾಟ್ಸಾಪ್ ಮತದಾನದಲ್ಲಿ ಡಿಜೆ ಗೆದ್ದ. ಸಂಪ್ರದಾಯಸ್ಥರಿಗೂ ಬೇಸರವಾಗದಿರಲೆಂದು ಎರಡು ಲಿಫ್ಟುಗಳಲ್ಲಿ ರೆಕಾರ್ಡು ಮಾಡಿದ ಹಕ್ಕಿಗಳ ಚಿಲಿಪಿಲಿ ಹಾಕುವುದೆಂದಾಯಿತು. ಹಣ ಕೊಟ್ಟು ಕೊಂಡ ಚಿಲಿಪಿಲಿ.

ಇನ್ನೇನು ಏಳಬೇಕು, ಎರಡನೇ ಮಹಡಿಯವರು ದೂರು ತೆಗೆದರು. ಕಾಂಪೌಂಡಿನ ಮಾವಿನ ಮರದಲ್ಲಿ ಕೋಗಿಲೆಯೊಂದು ಬೆಳಗಿನ ಜಾವ ನಾಲ್ಕೂವರೆಗೇ ಶುರುಮಾಡುತ್ತದಂತೆ. ನಿಯಮ ಓದಿಕೊಂಡೇ ಬಂದಿದ್ದರು: 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಮಿತಿ 45 ಡೆಸಿಬಲ್. ಕೋಗಿಲೆ ಯಾರಪ್ಪಣೆ ಪಡೆದು ಕೂಗುತ್ತಿದೆ? ಗಣೇಶನ ಮೆರವಣಿಗೆಯಲ್ಲಿ ನಡುರಾತ್ರಿ ಸ್ಪೀಕರಿನ ಮುಂದೆಯೇ ಕುಣಿದವರಿವರು. ಅಂದು ಈ ನಿಯಮ ಎಲ್ಲಿ ಮಲಗಿತ್ತೋ.

ಕೂಗುವುದು ಗಂಡು, ಸಂಗಾತಿಯನ್ನು ಕರೆಯುತ್ತದೆ, ಹೆಣ್ಣು ಹೋಗಿ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂದು ಹಿರಿಯರು ಸಮಾಧಾನ ಹೇಳಹೋದರು. ಕೆಲಸ ಇನ್ನೂ ಕೆಟ್ಟಿತು. ಬ್ಯಾಚುಲರುಗಳಿಗೇ ಮನೆ ಕೊಡದ ಸೊಸೈಟಿ ನಮ್ಮದು. ಕರಾರುಪತ್ರವಿಲ್ಲದೆ, ಪೊಲೀಸ್ ವೆರಿಫಿಕೇಶನ್ ಇಲ್ಲದೆ, ಮಾಲೀಕರಿಗೇ ಗೊತ್ತಾಗದಂತೆ ಸಂಸಾರ ಹೂಡುವುದೆಂದರೆ!

ಮರ ಕಡಿಸಿಬಿಡಿ ಎಂದರು ಕೆಲವರು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಅಧಿಕಾರಿಯ ಅನುಮತಿ ಬೇಕು, ಅಷ್ಟರಲ್ಲಿ ಆಷಾಢ ಬರುತ್ತದೆ. ಆದ್ದರಿಂದ ಸರ್ವಾನುಮತದ ನಿರ್ಣಯ: ಮಾವಿನ ಮರಕ್ಕೆ ಸ್ಪೀಕರು ಕಟ್ಟಿ, ದಿನಾ ಬೆಳಗಿನ ಜಾವ ನಾಲ್ಕಕ್ಕೆ ಹದ್ದಿನ ಕೂಗು ಹಾಕಿ ಕೋಗಿಲೆಯನ್ನು ಓಡಿಸುವುದು. ಹದ್ದಿನ ರೆಕಾರ್ಡಿಂಗು ಸಿಗದಿದ್ದರೂ ಚಿಂತೆಯಿಲ್ಲ, ಯುಗಾದಿಗೆ ಆರಿಸಿಟ್ಟ ಹಾಡುಗಳನ್ನೇ ಹಾಕುತ್ತೇನೆ, ಹಕ್ಕಿ ಹೇಗಿದ್ದರೂ ಓಡುತ್ತದೆ ಎಂದು ಡಿಜೆ ಭರವಸೆ ಕೊಟ್ಟಿದ್ದಾನೆ.